ಬಸ್ಸಿಗೆ ಕಾದ ಮದುವಣಿಗ ಕೊಕ್ಕರೆ

ತನ್ನ ಮದುವೆಗೆ ಹೊರಟ ಕೊಕ್ಕರೆಯೊಂದು ಗೆಳೆಯನಾದ ಕತ್ತೆಯೊಡನೆ ಬಸ್ ನಿಲ್ದಾಣದಲ್ಲಿ ನಿಂತಿತ್ತು. ಮುಹೂರ್ತಕ್ಕೆ ಮುನ್ನ ಹೆಣ್ಣಿನ ಊರನ್ನು ಮುಟ್ಟುವ ಬಸ್ಸು ಒಂದೇ ಇತ್ತು. ಬಸ್ಸು ಎಲ್ಲಿದೆಯೆಂದು ಕ್ಷಣಕ್ಷಣಕ್ಕೂ ತೋರಿಸುವ ಮೊಬೈಲಿನ ಆ್ಯಪನ್ನು ಕೊಕ್ಕರೆಯು ಮೀನನ್ನು ನಿಟ್ಟಿಸುವ ಏಕಾಗ್ರತೆಯಿಂದ ನಿಟ್ಟಿಸುತ್ತಿತ್ತು.

ಅಷ್ಟರಲ್ಲಿ ಬಸ್ಸು ಬಂದು ಎದುರಿಗೇ ನಿಂತಿತು.

“ಮದುವಣಿಗರೇ, ಬಸ್ಸು ಬಂತು. ಹತ್ತೋಣವಾಗಲಿ,” ಎಂದಿತು ಕತ್ತೆ.

“ಮೂಢನೇ, ನಮ್ಮ ಬಸ್ಸು ಇನ್ನೂ ಕೆರೆಯ ಏರಿಯ ಮೇಲಿದೆ, ಇಲ್ಲಿ ನೋಡು,” ಎಂದಿತು ಕೊಕ್ಕರೆ, ತಲೆಯೆತ್ತದೆ.

“ಫಲಕದಲ್ಲಿ ನಿಮ್ಮ ಮಾವನವರ ಊರಿನ ಹೆಸರೇ ಇದೆಯಲ್ಲ.”

“ಫಲಕವನ್ನು ಯಾರು ಬೇಕಾದರೂ ಬರೆಯಬಹುದು. ಇದು ಉಪಗ್ರಹವೇ ಕಂಡು ಹೇಳಿದ ಮಾತು.”

“ಇದರ ಹೊಗೆ ನನ್ನ ಮೂಗಿಗೇ ನುಗ್ಗುತ್ತಿದೆ, ಸ್ವಾಮಿ.”

“ಹೊಗೆಯಿಂದ ಬೆಂಕಿಯನ್ನು ಊಹಿಸಬಹುದು, ಬಸ್ಸನ್ನಲ್ಲ.”

ಕಂಡಕ್ಟರ್ ಕೋತಿಯು ಬಾಗಿಲಿಗೆ ಜೋತುಬಿದ್ದು, “ಏನ್ರೀ ಕೊಕ್ಕರೆರಾಯರೇ, ಹತ್ತುತ್ತೀರೋ, ವಾಲಗ ಊದಿಸಿ ಕರೆಯಬೇಕೋ?” ಎಂದು ಕೇಳಿತು.

“ತೊಂದರೆ ಕೊಡಬೇಡಯ್ಯಾ. ನಾನು ಬಸ್ಸಿಗೆ ಕಾಯುತ್ತಿದ್ದೇನೆ.”

ಕೋತಿ ಸೀಟಿ ಊದಿತು. ಮದುವೆಯೂಟವನ್ನು ಕಳೆದುಕೊಳ್ಳಲೊಲ್ಲದ ಕತ್ತೆ ಹಾರಿ ಹತ್ತಿಕೊಂಡಿತು. ಬಸ್ಸು ಕಣ್ಮರೆಯಾದ ಮೇಲೆ ಪರದೆಯ ಮೇಲಿನ ಬಸ್ಸಿನ ಚಿತ್ರವು ಥಟ್ಟನೆ ಕೆರೆಯ ಏರಿಯಿಂದ ನೆಗೆದು ನಿಲ್ದಾಣವನ್ನೂ ದಾಟಿತು. ಕೊಕ್ಕರೆಯ ಕಣ್ಣು ಅದನ್ನು ಬಿಡದೆ ಹಿಂಬಾಲಿಸಿತು. ಚಿತ್ರವು ಸೇತುವೆಯನ್ನು ದಾಟಿತು, ಸಂತೆಮಾಳವನ್ನು ದಾಟಿತು, ಕೊನೆಗೆ ಹೆಣ್ಣಿನ ಊರಿನಲ್ಲಿ ನಿಂತಿತು.

ಕೊಕ್ಕರೆಯು ನಿಲ್ದಾಣದಲ್ಲಿದ್ದವರನ್ನೆಲ್ಲ ಕರೆದು, ಬೀಗುತ್ತ ಹೇಳಿತು: “ಕಂಡಿರಾ? ಮುಹೂರ್ತಕ್ಕೆ ಸರಿಯಾಗಿ ತಲುಪಿತು.”