ತಿಪ್ಪಜ್ಜಿಯ ಕೊಸರು

ಬಹಳ ಹಿಂದೆ, ಅಳತೆಗೆ ಕೈಬೆರಳೇ ಸಾಕಾಗಿದ್ದ ಕಾಲದಲ್ಲಿ, ಒಂದು ಊರಿತ್ತಂತೆ. ಆ ಊರಿನ ಒಂದು ಬೀದಿಯಲ್ಲಿ ತಾಮ್ರದ ಕೆಲಸದವರು, ಪಕ್ಕದ ಬೀದಿಯಲ್ಲಿ ಬಿದಿರು ಹೆಣೆಯುವ ಮೇದರು. ಮೇದರ ಬೀದಿಯ ಕೊನೆಯ ಮನೆಯಲ್ಲಿ ತಿಪ್ಪಜ್ಜಿ ಇದ್ದಳಂತೆ. ಅವಳು ಹೆಣೆದ ಕಣಜದಲ್ಲಿ ನೀರು ತುಂಬಿದರೂ ಸೋರುತ್ತಿರಲಿಲ್ಲ ಎನ್ನುತ್ತಾರೆ. ಅಷ್ಟು ನಿಜವಿರಲಿಕ್ಕಿಲ್ಲ. ಮುಂದಿನದು ನಿಜ.

ತಾಮ್ರದವರಲ್ಲಿ ಒಂದು ಕಟ್ಟಳೆ ಇತ್ತಂತೆ. ಅಪ್ಪ ತಗಡು ಬಡಿಯುತ್ತಿದ್ದ ಅಡಿಗಲ್ಲು ಮಕ್ಕಳಿಗೆ ಸುಮ್ಮನೆ ಬರುತ್ತಿರಲಿಲ್ಲ. ಕಾಳು ಅಳೆಯುವ ಕೊಳಗವೊಂದನ್ನು ಮಾಡಿ ತೋರಿಸಬೇಕು: ಅಗಲ ಹದಿನಾಲ್ಕು ಬೆರಳು, ಎತ್ತರ ಹತ್ತು ಬೆರಳು. ಉದ್ದಕ್ಕೂ ಅಗಲಕ್ಕೂ ಒಂದೊಂದೇ ಬೆರಳಿರುವ ತಗಡಿನ ಚೂರಿಗೆ ಬಿಲ್ಲೆ ಎನ್ನುತ್ತಿದ್ದರು. ಕೊಳಗಕ್ಕೆ ಎಷ್ಟು ಬಿಲ್ಲೆ ತಗಡು ಬೇಕೆಂದು ಮೊದಲೇ ಹೇಳಬೇಕು. ಆಮೇಲೆ ಕತ್ತರಿಸಿ ಸುತ್ತಬೇಕು. ಬೆಸುಗೆಗೆ ಮುಂಚೆ ತಕ್ಕಡಿಯ ಒಂದು ತಟ್ಟೆಗೆ ಕೊಳಗ, ಇನ್ನೊಂದಕ್ಕೆ ಹೇಳಿದಷ್ಟು ಬಿಲ್ಲೆ. ಮುಳ್ಳು ನೆಟ್ಟಗೆ ನಿಲ್ಲಬೇಕು. ಮೂರು ಸಲ ಅವಕಾಶ. ಮೂರೂ ತಪ್ಪಿದರೆ ಅಡಿಗಲ್ಲು ಬೇರೆ ಮನೆಗೆ.

ಮೌನಮ್ಮ ಎಂಬ ಹುಡುಗಿಗೆ ಎರಡು ಸಲ ತಪ್ಪಿತ್ತಂತೆ. ಅಪ್ಪ ತೀರಿಹೋಗಿದ್ದ, ಅಣ್ಣತಮ್ಮಂದಿರಿರಲಿಲ್ಲ. ಅಡಿಗಲ್ಲು ಹೋದರೆ ಅವಳಿಗೂ ತಾಯಿಗೂ ಕಸುಬೇ ಇಲ್ಲ. ಎರಡು ಸಲವೂ ತಗಡು ಸುತ್ತಿದಾಗ ಅಂಚಿಗೆ ಅಂಚು ತಾಗಲಿಲ್ಲ. ಎರಡು ಬೆರಳು ಬಾಯಿ ಬಿಟ್ಟಿತು.

"ಕೊಳಗ ನಗ್ತಾ ಇದೆ ನೋಡ್ರೋ," ಎಂದನಂತೆ ಬೀದಿಯ ಹಿರಿಯ ಮಾನಾಚಾರಿ.

ಅವಳ ತಪ್ಪೇನು? 'ಅಗಲ ಮೂರಾದರೆ ಸುತ್ತಾಯಿತು' ಎಂಬುದು ಆ ಬೀದಿಯ ಗಾದೆ. ಅವಳು ಗಾದೆಯನ್ನು ನಂಬಿದಳು. ಹದಿನಾಲ್ಕು ಮೂರಲಿ ನಲವತ್ತೆರಡು ಎಂದು ಕತ್ತರಿಸಿದಳು. ಹಿರಿಯರೂ ಅದೇ ಗಾದೆ ಹೇಳುತ್ತಿದ್ದರು, ಆದರೆ ರೂಢಿಯಿಂದ ಬಿಲ್ಲೆಯನ್ನು ತುಸು ಹೆಚ್ಚೇ ಎಣಿಸುತ್ತಿದ್ದರು, ಅವರ ಕೈ ಕತ್ತರಿಯನ್ನೂ ತುಸು ಮುಂದೆ ಒಯ್ಯುತ್ತಿತ್ತು. ಕೈಗೆ ಗೊತ್ತಿದ್ದದ್ದು ಬಾಯಿಗೆ ಬಂದಿರಲಿಲ್ಲ.

ಮೌನಮ್ಮ ಮೇದರ ಬೀದಿಯಲ್ಲಿ ಅಳುತ್ತ ಹೋಗುವಾಗ ತಿಪ್ಪಜ್ಜಿ ಕರೆದು ಕೂರಿಸಿಕೊಂಡಳಂತೆ. ಎಲ್ಲ ಕೇಳಿದಳಂತೆ. ಎದುರಿಗೆ ಯಾರಿಗೋ ಒಪ್ಪಿಸಬೇಕಿದ್ದ ಕಣಜವೊಂದು ನಿಂತಿತ್ತು. ಅಜ್ಜಿ ಅದರ ಹೊಲಿಗೆ ಬಿಚ್ಚಿದಳು. ಅರ್ಧ ದಿನದ ಕೆಲಸ ಹಾಳಾಯಿತು. ಕಣಜ ಬಿಚ್ಚಿಕೊಂಡು ನೆಲದ ಮೇಲೆ ಮಲಗಿತು.

"ಇದೇನೇ ಈಗ?"

"ಚಾಪೆ, ಅಜ್ಜಿ."

"ಅಷ್ಟೇ. ನಿಂತರೆ ಕಣಜ, ಮಲಗಿದರೆ ಚಾಪೆ. ಚಾಪೆಯ ಉದ್ದ ಅಂದರೆ ಕಣಜದ ಸುತ್ತು, ಚಾಪೆಯ ಅಗಲ ಅಂದರೆ ಕಣಜದ ಎತ್ತರ. ಉದ್ದ ಅಗಲ ಗುಣಿಸೋಕೆ ಬರುತ್ತಲ್ಲ?"

ಆಮೇಲೆ ಕಣಜದ ತಳದ ಅಗಲದಷ್ಟೇ ಉದ್ದದ ಕಡ್ಡಿಯೊಂದನ್ನು ಚಾಪೆಯ ಉದ್ದಕ್ಕೆ ಇಟ್ಟಳಂತೆ. ಒಂದು, ಎರಡು, ಮೂರು. ಇನ್ನೂ ಸ್ವಲ್ಪ ಚಾಪೆ ಉಳಿಯಿತು. ಕಡ್ಡಿಯನ್ನು ಸಮವಾಗಿ ಏಳು ತುಂಡು ಮಾಡಿ ಒಂದು ತುಂಡನ್ನು ಅಲ್ಲಿಟ್ಟಳು. ಸರಿಹೋಯಿತು.

"ಕಾಳು ಅಳೆಸಿಕೊಳ್ಳುವಾಗ ಮೇಲೊಂದಿಷ್ಟು ಕೊಸರು ಕೇಳ್ತೀಯ. ಕೊಳಗಕ್ಕೆ ಮಾತ್ರ ಕೊಸರು ಬೇಡವೇನೇ?"

ಮೌನಮ್ಮ ನಕ್ಕಳಂತೆ. ಹದಿನಾಲ್ಕರಲ್ಲಿ ಏಳನೇ ಒಂದು ಪಾಲು ಎರಡು ಬೆರಳು. ಬಾಯಿ ಬಿಟ್ಟಿದ್ದೂ ಎರಡೇ ಬೆರಳು. ಸುತ್ತು ನಲವತ್ನಾಲ್ಕು, ಎತ್ತರ ಹತ್ತು: ಮೈಗೆ ನಾನೂರ ನಲವತ್ತು ಬಿಲ್ಲೆ.

ತಳದ ಲೆಕ್ಕಕ್ಕೆ ಅಜ್ಜಿ ರೊಟ್ಟಿ ತಂದಳಂತೆ. ನಡುವಿನಿಂದ ಅಂಚಿನವರೆಗೆ ಸಣ್ಣ ಸಣ್ಣ ಹೋಳು ಮಾಡಿ, ಒಂದರ ಮೊನೆ ಮೇಲೆ, ಇನ್ನೊಂದರ ಮೊನೆ ಕೆಳಗೆ ಬರುವಂತೆ ಜೋಡಿಸಿದಳು. ದುಂಡು ರೊಟ್ಟಿ ಹೆಚ್ಚುಕಡಿಮೆ ಚಾಪೆಯಾಯಿತು. ಚಾಪೆಯ ಉದ್ದ ರೊಟ್ಟಿಯ ಅರ್ಧ ಸುತ್ತು, ಚಾಪೆಯ ಅಗಲ ರೊಟ್ಟಿಯ ಅರ್ಧ ಅಗಲ. ಕೊಳಗದ ತಳಕ್ಕೆ ಇಪ್ಪತ್ತೆರಡು ಏಳಲಿ ನೂರ ಐವತ್ನಾಲ್ಕು ಬಿಲ್ಲೆ. ಮೌನಮ್ಮ ಹುರುಪಿನಲ್ಲಿ ಅದನ್ನು ಎರಡು ಸಲ ಕೂಡಿಸಲು ಹೊರಟಳಂತೆ.

"ಬಾಯಿಗೂ ತಗಡು ಬಡಿದರೆ ಕಾಳು ಎಲ್ಲಿಂದ ಹಾಕ್ತೀಯೇ, ಹುಚ್ಚಿ?"

ಇಬ್ಬರೂ ರೊಟ್ಟಿ ತಿಂದರಂತೆ.

ಮೂರನೆಯ ಸಲ ಮೌನಮ್ಮ ಬೀದಿಯವರ ಮುಂದೆ ನಿಂತು ಐನೂರ ತೊಂಬತ್ನಾಲ್ಕು ಎಂದಳಂತೆ. ಕತ್ತರಿಸಿದಳು, ಸುತ್ತಿದಳು. ಅಂಚು ಅಂಚನ್ನು ಮುಟ್ಟಿತು. ತಕ್ಕಡಿಯ ಮುಳ್ಳು ಅತ್ತ ಇತ್ತ ಆಡಿ ನೆಟ್ಟಗೆ ನಿಂತಿತು. ಮಾನಾಚಾರಿ ಯಾರು ಕಲಿಸಿದರೆಂದು ಕೇಳಿದನಂತೆ. ಮೇದರ ತಿಪ್ಪಜ್ಜಿ ಎಂದಳಂತೆ. ಬಿದಿರಿನವಳು ತಾಮ್ರ ಕಲಿಸಿದಳೇ ಎಂದು ಕೆಲವರು ಗೊಣಗಿದರು. ಮಾನಾಚಾರಿ ಮಾತ್ರ ತನ್ನ ಕೈಯನ್ನೇ ನೋಡಿಕೊಂಡು, ಇಷ್ಟು ವರ್ಷ ಇದು ಏನು ಮಾಡುತ್ತಿತ್ತೆಂದು ಇವತ್ತು ತಿಳಿಯಿತು ಎಂದನಂತೆ. ಅಡಿಗಲ್ಲನ್ನು ತಾನೇ ಹೊತ್ತು ಅವಳ ಮನೆಗೆ ತಂದನಂತೆ.

ಮೌನಮ್ಮ ಆ ಕೊಳಗದಲ್ಲಿ ಮೊದಲು ಅಳೆದದ್ದು ತಿಪ್ಪಜ್ಜಿಗೆ ಕೊಡುವ ಜೋಳವನ್ನು. ಇಷ್ಟೆಲ್ಲ ಯಾಕೆ ಎಂದು ಅಜ್ಜಿ ಬೈದಳಂತೆ. ಆದರೂ ಸೆರಗು ಒಡ್ಡಿದಳಂತೆ.

ಈಗಲೂ ಆ ಊರಿನಲ್ಲಿ ಹೊಸ ಕೊಳಗವಾದರೆ ಮೊದಲ ಅಳತೆ ಮೇದರ ಬೀದಿಗೆ ಹೋಗುತ್ತದೆ. ಒಂದು ಕೊಳಗ ಸುರಿದ ಮೇಲೆ ಕೈ ತುಂಬ ಇನ್ನೊಂದಿಷ್ಟು ಹಾಕುತ್ತಾರೆ. ತಾಮ್ರದ ಬೀದಿಯಲ್ಲಿ ಹಳೆಯ ಗಾದೆಯನ್ನು ಯಾರೂ ಒಬ್ಬರೇ ಹೇಳುವುದಿಲ್ಲ. ಅಗಲ ಮೂರಾದರೆ ಸುತ್ತಾಯಿತು ಎಂದು ಕಲಿಸುವವರು ಹೇಳಿ ನಿಲ್ಲಿಸುತ್ತಾರೆ. ಕಲಿಯುವವರು ಹೇಳಬೇಕು: "ಅಜ್ಜಿಯ ಕೊಸರು ಹಾಕು."