ಎರಡು ಸಂಸಾರದ ಕಂಪ್ಯೂಟರು, ಬಾಲವಿಲ್ಲದ ನವಿಲು

ಒಂದೂರು. ಆ ಊರಲ್ಲೊಬ್ಬ ಪೆದ್ದ. ಊರು ಯಾವುದು ಅಂತೀರಾ? ಚಿಂತಾಮಣಿ. ಪೆದ್ದ ಯಾರು ಅಂತೀರಾ? ಅತ್ತಿತ್ತ ನೋಡಬೇಡಿ, ನಾನೇ. ಹೆಸರು ಮುನಿರಾಜು. ಹೇಳಿದ್ದನ್ನ ಹೇಳಿದ ಹಾಗೇ ಮಾಡೋದು ನನ್ನ ರೋಗ. "ದೇವರು ಇವನಿಗೆ ಎರಡು ಕಿವಿ ಕೊಟ್ಟ, ನಡುವೆ ಏನಾದ್ರೂ ಇಡೋದು ಮರೆತ" ಅಂತ ನಮ್ಮಮ್ಮ ನಾರಾಯಣಮ್ಮ ಹಣೆ ಚಚ್ಚಿಕೊಳ್ತಿದ್ಲು.

ಅಮ್ಮ ಸೀರೆಗೆ ಎಂಬ್ರಾಯ್ಡರಿ ಹಾಕ್ತಿದ್ಲು. ಮೊದಲು ಕೈಯಲ್ಲಿ, ಆಮೇಲೆ ಮಷೀನಲ್ಲಿ. ಕಂಪ್ಯೂಟರಲ್ಲಿ ಚಿತ್ರ ಬರೆದು ಪೆನ್ ಡ್ರೈವಿಗೆ ಹಾಕಬೇಕು, ಪೆನ್ ಡ್ರೈವನ್ನ ಮಷೀನಿಗೆ ಸಿಕ್ಕಿಸಬೇಕು, ಮಷೀನು ಟಕಟಕ ಅಂತ ಹೊಲೀತಿತ್ತು. ಆ ಕಂಪ್ಯೂಟರಿಗೆ ಎರಡು ಸಂಸಾರ, ಅಂದ್ರೆ ಒಳಗೆ ಎರಡು ಆಪರೇಟಿಂಗ್ ಸಿಸ್ಟಮ್ಮು. ಹಳೇದು ಅಮ್ಮನ ಕೆಲಸಕ್ಕೆ, ಹೊಸದು ನನ್ನ ಶೋಕಿಗೆ. ಆನ್ ಮಾಡಿದ್ರೆ "ಹಳೇದೋ ಹೊಸದೋ?" ಅಂತ ಕೇಳೋದು. ಒಂದನ್ನ ಆರಿಸಿದ್ರೆ ಅದು ಶುರುವಾಗೋದು.

ಹಿಂದಿನ ಬೀದಿ ಪದ್ಮಕ್ಕನ ಮಗಳು ಶ್ರಾವಣಿ ಮದುವೆ ಬಂತು. ಧಾರೆ ಸೀರೆ ಸೆರಗಿಗೆ ದೊಡ್ಡ ನವಿಲು ಬೇಕಂತೆ. ಅಮ್ಮನಿಗೆ ಸಿಕ್ಕ ಮೊದಲನೇ ಮದುವೆ ಸೀರೆ ಅದು. "ಇದೊಂದು ಚೆನ್ನಾಗಿ ಬಂದ್ರೆ ಊರೋರೆಲ್ಲ ನನ್ನ ಹುಡುಕ್ಕೊಂಡು ಬರ್ತಾರೆ ಕಣೋ. ಕೆಟ್ರೆ ಯಾರೂ ಈ ಬಾಗಿಲು ತುಳಿಯಲ್ಲ" ಅಂದ್ಲು. ಹಗಲೆಲ್ಲ ಕೂತು ನವಿಲು ಬರೆದ್ಲು.

ಮದುವೆ ಹಿಂದಿನ ದಿನ ಕಂಪ್ಯೂಟರ್ ಆನ್ ಮಾಡಿದ್ರೆ ಹಳೇದೂ ಇಲ್ಲ, ಹೊಸದೂ ಇಲ್ಲ! ಕಪ್ಪು ಪರದೆ. ಅದರ ಮೇಲೆ ಒಂದೇ ಸಾಲು: ಶುರು ಮಾಡೋಕೆ ಏನೂ ಸಿಕ್ತಿಲ್ಲ, ಯಾವುದಾದ್ರೂ ಒಂದು ಕೀ ಒತ್ತಿ.

"ಅಮ್ಮಾ, ಕೀ ಒತ್ತು ಅಂತಿದೆ!"

"ಅದು ಹೇಳಿದ ಹಾಗೆ ಮಾಡೋ! ನಾನು ದಾರ ತರ್ತೀನಿ."

ಒತ್ತಿದೆ. ಮತ್ತೆ ಒತ್ತು ಅಂತು. ಮತ್ತೆ ಒತ್ತಿದೆ. ಅದೂ ಬಿಡಲಿಲ್ಲ, ನಾನೂ ಬಿಡಲಿಲ್ಲ. ಅಮ್ಮ ಪೇಟೆಯಿಂದ ಬಂದಾಗ ನನ್ನ ಬೆರಳು ಊದಿತ್ತು.

"ಅಯ್ಯೋ ಪೆದ್ದು ಮುಂಡೇದೆ! ಕೇಳಿದ್ದನ್ನೇ ಕೇಳ್ತಿದ್ರೆ ಸ್ವಿಚ್ ಆರಿಸಿ ಸುಮ್ನಿರಬೇಕು ಕಣೋ!"

"ಆಗ್ಲಮ್ಮ."

ಅಮ್ಮ ಹಿತ್ತಲಿಗೆ ಹೋದ್ಲು. ಪದ್ಮಕ್ಕ ಬಂದ್ಲು.

"ಸೀರೆ ಆಯ್ತೇನಪ್ಪ ಮುನಿರಾಜು?"

ನಾನು ಊದಿದ ಬೆರಳು ನೀವಿಕೊಳ್ತಿದ್ದೆ.

"ಆಯ್ತೇನೋ ಸೀರೆ?"

ಕೇಳಿದ್ದನ್ನೇ ಕೇಳಿದ್ಲಲ್ಲ! ಎದ್ದು ಫ್ಯಾನ್ ಆರಿಸಿದೆ, ಲೈಟ್ ಆರಿಸಿದೆ, ಸುಮ್ನೆ ಕೂತೆ. ಪದ್ಮಕ್ಕ ಕತ್ತಲಲ್ಲಿ ಬೆವರು ಒರೆಸಿಕೊಂಡು, ಬೈಕೊಂಡು ಹೋದ್ಲು.

"ಮನೆಗೆ ಬಂದೋರಿಗೆ ಹೀಗೆ ಮಾಡ್ತಾರೇನೋ!" ಅಮ್ಮ ತಲೆಗೆ ಮೊಟಕಿದ್ಲು. "ಯಾರು ಏನು ಕೇಳಿದ್ರೂ ನಗ್‌ನಗ್ತಾ 'ಆಗಿದೆ' ಅನ್ನಬೇಕು!"

"ಆಗ್ಲಮ್ಮ."

ಅಷ್ಟರಲ್ಲಿ ಫೋನ್ ಬಂತು. ನಮ್ಮ ದೊಡ್ಡಪ್ಪನ ಮಗ ಅಶ್ವಥಣ್ಣ, ಕಂಪ್ಯೂಟರ್ ರಿಪೇರಿಯವನು; ಅಮ್ಮ ಆಗಲೇ ಅವನಿಗೆ ವಿಷಯ ಹೇಳಿದ್ಲು.

"ಕರೆಂಟ್ ಬರ್ತಿದ್ಯಾ ನೋಡಿದ್ಯಾ?"

"ಆಗಿದೆ ಅಣ್ಣ." ನಕ್ಕೆ.

"ಸಿಕ್ಕಿಸಿರೋದನ್ನೆಲ್ಲ ಕಿತ್ತು ನೋಡಿದ್ಯಾ?"

"ಆಗಿದೆ ಅಣ್ಣ." ಇನ್ನೂ ಜೋರಾಗಿ ನಕ್ಕೆ.

"ಹಾಗಾದ್ರೆ ಅದರ ಕತೆ ಮುಗೀತು ಬಿಡು."

"ಆಗಿದೆ ಅಣ್ಣ!"

ಅಮ್ಮ ಫೋನ್ ಕಿತ್ಕೊಂಡ್ಲು, ಅವನು ಹೇಳಿದ್ದನ್ನೆಲ್ಲ ಕೇಳಿ ಇಟ್ಲು, ಗೋಡೆಗೆ ಒರಗಿದ್ಲು. "ನನ್ನ ನವಿಲು ಹೋಯ್ತಲ್ಲೋ" ಅಂತ ಅತ್ತೇಬಿಟ್ಲು. ಆಮೇಲೆ ಕಣ್ಣೊರೆಸಿಕೊಂಡು ಗದರಿದ್ಲು, "ನೋಡದೆ ಆಗಿದೆ ಅನ್ನಬೇಡ! ಕಣ್ಣಲ್ಲಿ ನೋಡಿ ಹೇಳು! ಎದ್ದೇಳು, ಅವನು ಹೇಳಿದ ಹಾಗೆ ಸಿಕ್ಕಿಸಿರೋದನ್ನೆಲ್ಲ ಕೀಳು!"

ಕಿತ್ತೆ. ಕಂಪ್ಯೂಟರಿನ ವೈರೆಲ್ಲ ಕಿತ್ತೆ, ಪೆನ್ ಡ್ರೈವ್ ಕಿತ್ತೆ. ಮಷೀನಿನ ಸೂಜಿ ಕಿತ್ತೆ. ಗೋಡೆಯ ಕ್ಯಾಲೆಂಡರ್ ಕಿತ್ತೆ. ಕೊನೆಗೆ ಅಮ್ಮನ ತುರುಬಿನ ಪಿನ್ನೂ ಕಿತ್ತೆ.

"ಥೂ ನಿನ್ನ!" ಅಮ್ಮನ ಕೂದಲು ಮುಖದ ಮೇಲೆ ಬಿತ್ತು. "ಯಾವುದು ಎಲ್ಲಿತ್ತೋ ಅಲ್ಲೇ ಇರಬೇಕು! ಬೇರೆ ಕಡೆ ಕಂಡ್ರೆ ಕಾಲು ಮುರೀತೀನಿ!"

ಎಲ್ಲ ಮೊದಲಿನ ಹಾಗೇ ಸಿಕ್ಕಿಸಿದೆ. ಪೆನ್ ಡ್ರೈವ್ ಹಿಡ್ಕೊಂಡಾಗ ಅಮ್ಮ ಕಣ್ಣರಳಿಸಿದ್ಲು.

"ಅಯ್ಯೋ ಶಿವನೇ! ನಿನ್ನೆ ನವಿಲನ್ನ ಇದಕ್ಕೇ ಹಾಕಿದ್ನಲ್ಲೋ! ತೆಗೆಯೋದು ಮರೆತಿದ್ದೆ!"

ಕಿತ್ಕೊಂಡು ಮಷೀನಿಗೆ ಸಿಕ್ಕಿಸಿದ್ಲು. ಮಷೀನು ಟಕಟಕ ಅಂತು. ಕಂಪ್ಯೂಟರ್ ಆನ್ ಮಾಡಿದ್ರೆ ಅದೂ "ಹಳೇದೋ ಹೊಸದೋ?" ಅಂತ ಕೇಳ್ತು! ಇಷ್ಟು ಹೊತ್ತೂ ಒಳಗಿರೋ ಎರಡು ಸಂಸಾರ ಬಿಟ್ಟು ಆ ಪೆನ್ ಡ್ರೈವಲ್ಲೇ ಹುಡುಕ್ತಾ ಕೂತಿತ್ತಂತೆ. ನನಗಿಂತ ಪೆದ್ದು ಅಂತ ಅದೊಂದು ಸಿಕ್ತು ನೋಡಿ.

ಅಮ್ಮ ನಗ್ತಾ ಕಾಫಿ ಮಾಡೋಕೆ ಹೋದ್ಲು. ಸೆರಗಿನ ಮೇಲೆ ನವಿಲಿನ ಕೊಕ್ಕು ಬಂತು, ಕತ್ತು ಬಂತು, ಹೊಟ್ಟೆ ಬಂತು. ಆಗ ನನ್ನ ಕಣ್ಣು ಪೆನ್ ಡ್ರೈವ್ ಮೇಲೆ ಬಿತ್ತು. ಇದು ಎಲ್ಲಿತ್ತು? ಕಂಪ್ಯೂಟರಲ್ಲಿ. ಎಲ್ಲಿದೆ? ಮಷೀನಲ್ಲಿ. ಕಾಲು ಮುರಿದ್ರೆ ಯಾರಿಗೆ ನೋವು? ಕಿತ್ತು ಕಂಪ್ಯೂಟರಿಗೆ ಸಿಕ್ಕಿಸಿದೆ. ಮಷೀನು ನಿಂತೇಹೋಯ್ತು.

ಅಷ್ಟರಲ್ಲಿ ಪದ್ಮಕ್ಕ ಮತ್ತೆ ಬಂದ್ಲು.

"ಸೀರೆ ಆಯ್ತೇನೋ? ಛತ್ರಕ್ಕೆ ಹೊರಟಿದೀವಿ!"

ಕಣ್ಣಲ್ಲಿ ನೋಡಿದೆ. ನಗ್‌ನಗ್ತಾ "ಆಗಿದೆ ಅಕ್ಕ" ಅಂದೆ, ಮಡಚಿ ಕೊಟ್ಟೆ. ಬಿಚ್ಚಿ ನೋಡೋಕೂ ಪುರುಸೊತ್ತಿಲ್ಲದೆ ಒಯ್ದುಬಿಟ್ಲು.

ಅಮ್ಮ ಕಾಫಿ ತಂದ್ಲು. "ಸೀರೆ ಎಲ್ಲೋ?"

"ಕೊಟ್ಟೆ."

"ನವಿಲಿಗೆ ಬಾಲ ಬಂದಿತ್ತೇನೋ?"

"ನವಿಲೇನಮ್ಮ ಅದು? ನಾನು ಕಣ್ಣಲ್ಲಿ ನೋಡಿದೆ. ಕೋಳಿ ಪೂರ್ತಿ ಆಗಿತ್ತು."

ಕಾಫಿ ಲೋಟ ಕೈಯಿಂದ ಜಾರಿತು. ಹಿಂದಿನ ಬೀದಿಗೆ ಓಡಿದ್ಲು, ಪದ್ಮಕ್ಕನ ಮನೆಗೆ ಬೀಗ; ಛತ್ರ ದೂರ, ಕತ್ತಲು ಬೇರೆ.

ಬೆಳಗಾಗುತ್ಲೂ ಸೂಜಿ ದಾರ ತಗೊಂಡು ಛತ್ರಕ್ಕೆ ಓಡಿದ್ಲು. ಹಿಂದೆ ನಾನು. ಹೋಗೋ ಹೊತ್ತಿಗೆ ಹುಡುಗಿ ಆ ಸೀರೆ ಉಟ್ಟು ಹಸೆಮಣೆ ಮೇಲೆ ಕೂತಾಗಿತ್ತು. ನೆಂಟರೆಲ್ಲ "ಸೆರಗಲ್ಲಿ ಕೋಳಿ ಯಾಕೆ?" ಅಂತ ಪಿಸಪಿಸ ಅಂತಿದ್ರು. ಪದ್ಮಕ್ಕನ ಮುಖ ನೋಡೋ ಹಾಗಿರಲಿಲ್ಲ. ಅಮ್ಮ ಯಾರ ಮುಖಾನೂ ನೋಡಲಿಲ್ಲ. ಹುಡುಗಿ ಬೆನ್ನ ಹಿಂದೆ ಕೂತ್ಲು, ಸೂಜಿ ಪೋಣಿಸಿದ್ಲು.

"ಸೆರಗು ಬಿಗಿಯಾಗಿ ಹಿಡ್ಕೊ. ನಾನು ಬಿಡು ಅನ್ನೋವರೆಗೂ ಬಿಟ್ಟೀಯ, ಜೋಕೆ!"

"ಆಗ್ಲಮ್ಮ."

ಪುರೋಹಿತರು ಮಂತ್ರ ಹೇಳ್ತಿದ್ರು, ಅಮ್ಮ ಬಾಲ ಹೊಲೀತಿದ್ಲು. ಒಂದೊಂದೇ ಗರಿ ಅರಳ್ತು, ಒಂದೊಂದೇ ಕಣ್ಣು ಬಿಡ್ತು. ಅಂಥ ಬಾಲ ಯಾವ ಮಷೀನೂ ಹೊಲಿಯಲ್ಲ ಬಿಡಿ. ನೆಂಟರು ಸುತ್ತ ನಿಂತು ನೋಡಿದ್ರು. "ನಮ್ಮ ಹುಡುಗಿಗೂ ಇಂಥದೇ ಬೇಕು ನಾರಾಯಣಮ್ಮ" ಅಂದ್ರು. ಅಮ್ಮ ದಾರ ಕಡಿದ್ಲು, ಬಾಯ್ತುಂಬ ನಕ್ಕಳು. ಊಟದ ಮನೆ ಮೂಲೆಗೆ ಹೋಗಿ ಗೋಡೆಗೆ ಒರಗಿ ನಿದ್ದೆ ಹೋದ್ಲು.

ಬಿಡು ಅನ್ನೋದನ್ನ ಮರೆತ್ಲು.

ಗಂಡು ಎದ್ದ, ಹೆಣ್ಣು ಎದ್ದಳು, ನಾನೂ ಎದ್ದೆ. ಅಗ್ನಿ ಸುತ್ತ ಅವರು ತಿರುಗಿದ್ರು, ಹಿಂದೆ ಸೆರಗು ಹಿಡ್ಕೊಂಡು ನಾನೂ ತಿರುಗಿದೆ. ಅರುಂಧತಿ ನಕ್ಷತ್ರ ತೋರಿಸಿದ್ರು, ನಾನೂ ನೋಡಿದೆ.

"ಬಿಡೋ ಪೆದ್ದ!" ಪದ್ಮಕ್ಕ ಕಿರುಚಿದ್ಲು.

"ನೀವು ಹೇಳಿದ್ರೆ ಆಗಲ್ಲ ಅಕ್ಕ. ನಮ್ಮಮ್ಮ ಹೇಳಬೇಕು."

ಎಳೆದ್ರೆ ಸೆರಗು ಹರಿಯುತ್ತೆ, ಹರಿದ್ರೆ ಆ ಬಾಲ ಹೋಗುತ್ತೆ. ಯಾರೂ ಎಳೆಯಲಿಲ್ಲ. ಅಮ್ಮ ಎಲ್ಲಿ ಮಲಗಿದ್ದಾಳೆ ಅಂತ ಯಾರಿಗೂ ಗೊತ್ತಾಗಲಿಲ್ಲ. ಸಂಜೆ ಹುಡುಗಿ ಅಳ್ತಾ ಅಳ್ತಾ ಕಾರು ಹತ್ತಿದ್ಲು, ಗಂಡನ ಮನೆಗೆ ಹೊರಟಳು.

ನಾನೂ ಹೊರಟೆ.