ಮುಳ್ಳಿನ ಮೇಲಿನ ನಾಣ್ಯ

“ಗುರುಗಳೇ, ನನ್ನ ಹತ್ತಿರ ಹಾಡು ಕಲಿಯುವ ಹುಡುಗಿ ಮಾತುಮಾತಿಗೂ ಸ್ವರ ತಪ್ಪುತ್ತಿದ್ದಳು. ಗದರಿಸಿ ಗದರಿಸಿ ದಾರಿಗೆ ತಂದೆ. ಈಗ ಒಂದೇ ಒಂದು ಸ್ವರ ಜಾರುವುದಿಲ್ಲ. ಇಷ್ಟು ಬಿಗಿ ಸಾಕೋ, ಇನ್ನೂ ಬೇಕೋ?” ಎಂದು ಶಿಷ್ಯ ಮಡಿವಾಳಯ್ಯ ಎದೆಯುಬ್ಬಿಸಿ ಕೇಳಿದ. ಗುರುಗಳು ಒಂದು ಕತೆ ಹೇಳಿದರು.

ಒಬ್ಬ ರೈತನಿದ್ದ. ಅವನ ತಂದೆ ಬಯಲಾಟದ ದೊಡ್ಡ ಹಾಡುಗಾರ. ತಂದೆ ತೀರಿಕೊಂಡ ಮೇಲೆ ಆ ಕಂಠ ಉಳಿದದ್ದು ಒಂದೇ ಒಂದು ಗ್ರಾಮಫೋನ್ ಪ್ಲೇಟಿನಲ್ಲಿ. ಅದನ್ನು ಕೇಳಬೇಕು, ಕ್ಯಾಸೆಟ್ಟಿಗೆ ಇಳಿಸಿ ಗಂಡನ ಮನೆಯಲ್ಲಿರುವ ತಂಗಿಗೂ ಕೊಡಬೇಕು ಎಂದು ರೈತ ಒಳ್ಳೆಯ ಯಂತ್ರ ಹುಡುಕಿಕೊಂಡು ಪೇಟೆಗೆ ಹೋದ.

ವ್ಯಾಪಾರಿ ಮೊದಲು ಬಣ್ಣದ ದೀಪ ಮಿನುಗುವ ಪೆಟ್ಟಿಗೆಯೊಂದನ್ನು ಮುಂದಿಟ್ಟ. ರೈತ ನಕ್ಕುಬಿಟ್ಟ.

“ಕೊಂಬಿನ ಬಣ್ಣ ನೋಡಿ ಎತ್ತು ಕಟ್ಟುವ ಪೈಕಿ ನಾನಲ್ಲ ಸಾವ್ಕಾರ್ರೆ. ಎಲ್ಲ ತಿರುಗಿಸಿ ತೋರಿಸಿ.”

ತಿರುಗುವ ಒಂದೊಂದರ ಪಕ್ಕಕ್ಕೂ ಅಂಗೈ ತಾಗಿಸಿ ನೋಡಿದ. ನಡುಕವಿಲ್ಲದೆ, ಓಟ ಕೆಡದೆ, ಭಾರವಾಗಿ ತಿರುಗುವ ಒಂದನ್ನು ಆರಿಸಿದ. ಅಂಗಡಿಗೆಲ್ಲ ಅದೇ ಮೇಲಾದದ್ದು. ವ್ಯಾಪಾರಿ ತಲೆದೂಗಿ, ಮುಳ್ಳು ಹಿಡಿದ ತೋಳಿನ ಹಿಂದಿನ ತೂಕದ ಗುಂಡನ್ನು ತಿರುಗಿಸಿ, ಅದು ಪ್ಲೇಟಿನ ಮೇಲೆ ನೊಣದಷ್ಟು ಹಗುರವಾಗಿ ಕೂರುವಂತೆ ಹದ ಮಾಡಿಕೊಟ್ಟ.

“ಈ ಹದ ಕೆಡಿಸಬೇಡಿ ಗೌಡ್ರೇ. ಪ್ಲೇಟಿನ ಸಾಲಿನಲ್ಲಿ ಹಾಡು ಆಗಲೇ ಬಿತ್ತಿಯಾಗಿದೆ. ಮುಳ್ಳು ಅದರೊಳಗೆ ನಡೆದರೆ ಸಾಕು, ಉಳಬಾರದು.”

“ಉಳುಮೆ ನನಗೇ ಹೇಳಿಕೊಡ್ತೀರಾ?” ಎಂದು ರೈತ ಯಂತ್ರ ಹೊತ್ತು ನಡೆದ.

ಕ್ಯಾಸೆಟ್ಟಿಗೇನು ಅವಸರ, ಮೊದಲು ಊರು ಕೇಳಲಿ ಎಂದುಕೊಂಡ. ಜಗಲಿಯ ತುಂಬ ಜನ ಕೂಡಿದರು. ಹಾಡು ಏರುವ ಹೊತ್ತಿಗೆ ಹಳೆಯ ಗೀರೊಂದರ ಮೇಲೆ ಮುಳ್ಳು ಎಗರಿತು. “ನಿಮ್ಮಪ್ಪ ಆಟದಲ್ಲಿ ಹೀಗೆ ಎಡವಿದ್ದು ನಾನಂತೂ ಕಾಣೆನಪ್ಪ” ಎಂದ ನೆರೆಯವನು.

ರೈತನ ಮೈ ಉರಿಯಿತು. ಕುಂಟೆ ನೆಲ ಕಚ್ಚದೆ ಎದ್ದರೆ ಅದರ ಮೇಲೆ ಕಲ್ಲು ಹೇರುವುದು ಒಕ್ಕಲು ಮಗನ ಬುದ್ಧಿ. ಕಿಸೆಯಿಂದ ನಾಣ್ಯವೊಂದನ್ನು ತೆಗೆದು ಮುಳ್ಳಿನ ತಲೆಯ ಮೇಲಿಟ್ಟ. ಮುಳ್ಳು ಮತ್ತೆ ಎಗರಲಿಲ್ಲ. ಜನ ಭೇಷ್ ಎಂದರು. ಸುಗ್ಗಿ ಮುಗಿಯುವ ತನಕ ಬಂದಬಂದವರಿಗೆಲ್ಲ ಹಾಗೆಯೇ ಹಾಡು ಕೇಳಿಸಿದ. ಒಂದೊಂದು ಸಲಕ್ಕೂ ಭಾರದ ಮುಳ್ಳು ಸಾಲನ್ನು ಉತ್ತು ದನಿ ಸವೆಯುತ್ತಿತ್ತು. ದಿನವೂ ಕೇಳುವ ಕಿವಿಗೆ ಅದು ತಿಳಿಯಲಿಲ್ಲ.

ಕೊನೆಗೆ ತಂಗಿ ತವರಿಗೆ ಬಂದಳು. ರೈತ ಹಾಡನ್ನು ಕ್ಯಾಸೆಟ್ಟಿಗೆ ಇಳಿಸಿ ಅವಳ ಮುಂದೆ ಹಚ್ಚಿದ. ಎಲ್ಲಿಯೂ ಎಡವಿಲ್ಲ, ಎಲ್ಲಿಯೂ ತಪ್ಪಿಲ್ಲ. ಒಣ ಜೋಳದ ದಂಟು ಎಳೆದಾಡಿದಂಥ ಸದ್ದು ಮಾತ್ರ ಒಂದೇ ಸಮನೆ ಬರುತ್ತಿತ್ತು. ತಂಗಿ ಕಣ್ಣು ಮುಚ್ಚಿ ಬಹಳ ಹೊತ್ತು ಕಿವಿಗೊಟ್ಟಳು.

“ಅಣ್ಣಾ, ಅಪ್ಪ ಹಾಡೋದು ಯಾವಾಗ?” ಎಂದಳು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. “ಯಂತ್ರ ಒಳ್ಳೆಯದೇ ಇತ್ತಲ್ಲ ಗುರುಗಳೇ” ಎಂದು ಮಡಿವಾಳಯ್ಯ ಮೆಲ್ಲನೆ ಅಂದ.

“ಒಳ್ಳೆಯದೇ. ಮಡಿವಾಳಯ್ಯ, ಪಾಠ ಮುಗಿಸಿ ಮನೆಗೆ ಹೋಗುವಾಗ ಆ ಹುಡುಗಿ ತನ್ನಷ್ಟಕ್ಕೆ ತಾನು ಗುನುಗುವುದನ್ನು ಈಚೆಗೆ ಯಾವತ್ತಾದರೂ ಕೇಳಿದೆಯಾ?”